ಬಿಸಿಲೂರಿನಲ್ಲಿ ಶಾಖದ ಸಂಚಾರ

ಚೈತ್ರ ಮುಗಿದು ವೈಶಾಖ ಕಾಲಿಟ್ಟಿತೆಂದರೆ ವಿಜಯಪುರದ ಮಂದಿ ತಮ್ಮ ದಿನಚರಿಯನ್ನೇ ಬದಲಿಸಿಕೊಳ್ಳುತ್ತಾರೆ. ಸಂತೆ ಪೇಟೆಯ ಕೆಲಸಗಳನ್ನು ಬೆಳಗಿನ ಹತ್ತರೊಳಗೆ ಮುಗಿಸಿಕೊಳ್ಳುವುದು ವಾಡಿಕೆ. ಜೋರಾಪುರ ಪೇಟೆಯಂತಹ ಹಳೆಯ ಪೇಟೆಗಳಲ್ಲಿ ಹೊತ್ತು ನೆತ್ತಿಗೇರುವ ಮೊದಲೇ ಕದ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಪಡಸಾಲೆಯ ಮೂಲೆಯಲ್ಲಿ ಮಣ್ಣಿನ ಗಡಿಗೆ ಒದ್ದೆ ಅರಿವೆ ಸುತ್ತಿಕೊಂಡು ಕುಳಿತಿರುತ್ತದೆ. ಹೊರಗೆ ಹೊರಟವರ ತಲೆಯ ಮೇಲೆ ಬಿಳಿಯ ರುಮಾಲು. ಸಂಜೆಯಾಯಿತೆಂದರೆ ಮಾಳಿಗೆಯ ಮೇಲೆ ನೀರು ಚಿಮುಕಿಸುವ ಸಡಗರ. ಇವೆಲ್ಲ ಹಿರಿಯರಿಂದ ಕಿರಿಯರಿಗೆ ಬಂದ ರೂಢಿಗಳು. ಆದರೆ ಕದ ಮುಚ್ಚುವುದರಿಂದ ಮನೆ ತಂಪಾಗುವುದೇಕೆ? ಗಡಿಗೆಯ ನೀರಿಗೆ ತಂಪು ಬಂದುದೆಲ್ಲಿಂದ? ಬಿಳಿಯ ಬಟ್ಟೆಯೇ ಏಕೆ? ಒಂದೊಂದು ರೂಢಿಯನ್ನೂ ಕೆದಕಿ ನೋಡಿದರೆ ಭೌತಶಾಸ್ತ್ರದ ಒಂದೊಂದು ಪಾಠ ಹೊರಬೀಳುತ್ತದೆ. ಆ ಪಾಠವನ್ನು ಅರಿತರೆ ಬೇಸಿಗೆಯಲ್ಲಿ ಸುಖವಾಗಿರಬಹುದು. ಕೆಲವೊಮ್ಮೆ ಪ್ರಾಣವನ್ನೂ ಉಳಿಸಿಕೊಳ್ಳಬಹುದು.

ಉಷ್ಣತೆ ಬೇರೆ, ಶಾಖ ಬೇರೆ

ಮಾತಿನಲ್ಲಿ ನಾವು ಶಾಖ, ಉಷ್ಣತೆ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಿಜ್ಞಾನಿಗೆ ಇವೆರಡೂ ಬೇರೆ ಬೇರೆ. ದೀಪಾವಳಿಯಲ್ಲಿ ಮಕ್ಕಳು ಹಚ್ಚುವ ಸುರುಸುರುಬತ್ತಿಯನ್ನು ನೆನೆದುಕೊಳ್ಳಿ. ಅದರಿಂದ ಹಾರುವ ಒಂದೊಂದು ಕಿಡಿಯ ಉಷ್ಣತೆಯೂ ಸಾವಿರ ಡಿಗ್ರಿಯ ಆಸುಪಾಸು. ಆದರೂ ಕಿಡಿ ಕೈಗೆ ತಾಗಿದರೆ ಚುರ್ರೆಂದು ಆರಿಹೋಗುತ್ತದೆ, ಅಷ್ಟೆ. ಬಚ್ಚಲ ಹಂಡೆಯ ನೀರಿನ ಉಷ್ಣತೆ ೬೦ ಡಿಗ್ರಿ ಮಾತ್ರ. ಆದರೆ ಅದು ಮೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಕಿಡಿಯಲ್ಲಿ ಉಷ್ಣತೆ ಹೆಚ್ಚು, ಶಾಖ ಅತ್ಯಲ್ಪ. ಹಂಡೆಯಲ್ಲಿ ಉಷ್ಣತೆ ಕಡಿಮೆ, ಶಾಖ ಅಪಾರ.

ವಸ್ತುವಿನಲ್ಲಿರುವ ಅಣುಗಳು ಎಂದೂ ಸುಮ್ಮನಿರುವುದಿಲ್ಲ. ಅವು ಸದಾ ಮಿಡಿಯುತ್ತಲೋ ಓಡಾಡುತ್ತಲೋ ಇರುತ್ತವೆ. ಈ ಚಡಪಡಿಕೆಯ ತೀವ್ರತೆಯನ್ನು ಸೂಚಿಸುವುದೇ ಉಷ್ಣತೆ. ಹೆಚ್ಚು ಉಷ್ಣತೆಯ ವಸ್ತುವಿನಿಂದ ಕಡಿಮೆ ಉಷ್ಣತೆಯ ವಸ್ತುವಿಗೆ ಹರಿದುಹೋಗುವ ಶಕ್ತಿಯೇ ಶಾಖ. ಕೆರೆಯ ನೀರಿನ ಮಟ್ಟಕ್ಕೂ ಕೆರೆಯಲ್ಲಿರುವ ನೀರಿನ ಮೊತ್ತಕ್ಕೂ ಎಷ್ಟು ಅಂತರವೋ ಉಷ್ಣತೆಗೂ ಶಾಖಕ್ಕೂ ಅಷ್ಟೇ ಅಂತರ. ನೀರು ಯಾವ ಕಡೆಗೆ ಹರಿಯಬೇಕೆಂಬುದನ್ನು ಮಟ್ಟವೇ ನಿರ್ಧರಿಸುವಂತೆ, ಶಾಖ ಯಾವ ಕಡೆಗೆ ಹರಿಯಬೇಕೆಂಬುದನ್ನು ಉಷ್ಣತೆಯೇ ನಿರ್ಧರಿಸುತ್ತದೆ.

ಹದಿನೆಂಟನೆಯ ಶತಮಾನದ ಅಂತ್ಯದವರೆಗೂ ಶಾಖವೆಂದರೆ ತೂಕವಿಲ್ಲದ ಒಂದು ಬಗೆಯ ದ್ರವವೆಂದು ಬಹುತೇಕ ಪಂಡಿತರು ನಂಬಿದ್ದರು. ಮ್ಯೂನಿಕ್ ನಗರದಲ್ಲಿ ಫಿರಂಗಿಗಳ ಕೊಳವೆ ಕೊರೆಯುವ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫರ್ಡ್ ಎಂಬಾತನಿಗೆ ಈ ವಿಷಯದಲ್ಲಿ ಸಂದೇಹ ಹುಟ್ಟಿತು. ಕೊರೆಯುತ್ತಿದ್ದಷ್ಟು ಹೊತ್ತೂ ಲೋಹ ಕಾಯುತ್ತಲೇ ಇತ್ತು. ಸುತ್ತ ತುಂಬಿದ್ದ ನೀರು ಬೆಂಕಿಯಿಲ್ಲದೆ ಕುದಿಯಿತು. ದ್ರವವಾಗಿದ್ದರೆ ಅದು ಎಂದಾದರೂ ಬರಿದಾಗಬೇಕಷ್ಟೆ! ಶಾಖವು ಚಲನೆಯ ಒಂದು ರೂಪವೇ ಸರಿ ಎಂದು ಆತ ೧೭೯೮ರಲ್ಲಿ ಸಾರಿದ. ಮುಂದೆ ಇಂಗ್ಲೆಂಡಿನ ಜೇಮ್ಸ್ ಜೌಲ್ ೧೮೪೦ರ ದಶಕದಲ್ಲಿ ಬಗೆಬಗೆಯ ಪ್ರಯೋಗಗಳನ್ನು ನಡೆಸಿ, ಎಷ್ಟು ಕೆಲಸಕ್ಕೆ ಎಷ್ಟು ಶಾಖವೆಂಬ ಲೆಕ್ಕವನ್ನು ಖಚಿತಗೊಳಿಸಿದ. ಶಕ್ತಿಯ ಮಾನಕ್ಕೆ ಇಂದು ಆತನದೇ ಹೆಸರಿದೆ.

ಕೈಯ ಸಾಕ್ಷ್ಯ ಸಾಲದು

ಉಷ್ಣತೆಯನ್ನು ತಿಳಿಯಲು ಉಪಕರಣವೇಕೆ, ಮುಟ್ಟಿ ನೋಡಿದರೆ ಸಾಲದೆ ಎಂದು ಕೇಳಬಹುದು. ಮೂರು ಪಾತ್ರೆಗಳನ್ನು ಸಾಲಾಗಿ ಇಡಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಕೈ ತಾಳುವಷ್ಟು ಬಿಸಿನೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು ಇರಲಿ. ಎಡಗೈಯನ್ನು ತಣ್ಣೀರಿನಲ್ಲಿಯೂ ಬಲಗೈಯನ್ನು ಬಿಸಿನೀರಿನಲ್ಲಿಯೂ ಎರಡು ನಿಮಿಷ ಅದ್ದಿ, ಅನಂತರ ಎರಡನ್ನೂ ನಡುವಿನ ಪಾತ್ರೆಗೆ ಇಳಿಸಿರಿ. ಒಂದೇ ನೀರು ಎಡಗೈಗೆ ಬಿಸಿಯೆಂದೂ ಬಲಗೈಗೆ ತಂಪೆಂದೂ ತೋರುತ್ತದೆ! ಮಕ್ಕಳಿಗೆ ಮಾಡಿ ತೋರಿಸಲು ಇದಕ್ಕಿಂತ ಸುಲಭವಾದ ಪ್ರಯೋಗವಿಲ್ಲ.

ಮಾರ್ಗಶಿರದ ಮುಂಜಾನೆ ಹಿತ್ತಾಳೆಯ ತಂಬಿಗೆ ಕೈಗೆ ಕೊರೆಯುತ್ತದೆ, ಪಕ್ಕದ ಮರದ ಮಣೆ ಹಾಗೆ ಕೊರೆಯುವುದಿಲ್ಲ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಅವೆರಡರ ಉಷ್ಣತೆಯೂ ಒಂದೇ. ಹಿತ್ತಾಳೆ ನಮ್ಮ ಕೈಯ ಶಾಖವನ್ನು ಬೇಗ ಸೆಳೆದುಕೊಳ್ಳುತ್ತದೆ, ಮರ ನಿಧಾನವಾಗಿ ಸೆಳೆಯುತ್ತದೆ. ಅಂದರೆ ಕೈ ತಿಳಿಸುವುದು ವಸ್ತುವಿನ ಉಷ್ಣತೆಯನ್ನಲ್ಲ, ಶಾಖವು ಕೈಯಿಂದ ಹೊರಡುವ ಅಥವಾ ಕೈಗೆ ಬರುವ ವೇಗವನ್ನು. ಬೇಸಿಗೆಯ ಮಧ್ಯಾಹ್ನ ಬಾಗಿಲಿನ ಕಬ್ಬಿಣದ ಚಿಲಕ ಸುಡುವುದಕ್ಕೂ ಮರದ ಕದ ಸುಡದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಗಾಜಿನ ಕೊಳವೆಯ ಕಥೆ

ಕೈ ಸುಳ್ಳಾಡುವುದರಿಂದಲೇ ಮನುಷ್ಯ ಉಷ್ಣಮಾಪಕವನ್ನು ಕಂಡುಹಿಡಿಯಬೇಕಾಯಿತು. ಕಾಯ್ದರೆ ವಸ್ತುಗಳು ಹಿಗ್ಗುತ್ತವೆ, ಆರಿದರೆ ಕುಗ್ಗುತ್ತವೆ ಎಂಬುದೇ ಅದರ ತಳಹದಿ. ಹದಿನಾರನೆಯ ಶತಮಾನದ ಕೊನೆಯಲ್ಲಿ ಇಟಲಿಯ ಗೆಲಿಲಿಯೋ ಗಾಳಿಯ ಹಿಗ್ಗುವಿಕೆಯನ್ನು ತೋರಿಸುವ ಗಾಜಿನ ಉಪಕರಣವೊಂದನ್ನು ರಚಿಸಿದ. ಅದಕ್ಕೆ ಅಳತೆಯ ಗೆರೆಗಳಿರಲಿಲ್ಲ. ಮೇಲಾಗಿ ವಾಯುಮಂಡಲದ ಒತ್ತಡ ಬದಲಾದರೂ ಅದು ಏರಿಳಿಯುತ್ತಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಟಸ್ಕನಿಯ ದೊರೆ ಎರಡನೆಯ ಫರ್ಡಿನಂಡನ ಆಶ್ರಯದಲ್ಲಿ ಬಾಯಿ ಮುಚ್ಚಿದ ಮದ್ಯಸಾರದ ಉಷ್ಣಮಾಪಕಗಳು ಸಿದ್ಧವಾದವು. ಅದೇ ದಶಕದಲ್ಲಿ, ಎಂದರೆ ೧೬೫೬ರಲ್ಲಿ, ವಿಜಯಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಲಗುಮ್ಮಟದ ಕೆಲಸ ನಿಂತಿತೆಂಬುದನ್ನು ನೆನೆದರೆ ಕಾಲದ ಅಂದಾಜು ಸಿಗುತ್ತದೆ.

ಡಾನ್ಜಿಗ್‌ನಲ್ಲಿ ಹುಟ್ಟಿ ಹಾಲೆಂಡಿನಲ್ಲಿ ನೆಲೆಸಿದ ಫ್ಯಾರನ್‌ಹೀಟ್ ೧೭೧೪ರಲ್ಲಿ ಪಾದರಸದ ಉಷ್ಣಮಾಪಕವನ್ನು ನಿರ್ಮಿಸಿದ. ಪಾದರಸ ಗಾಜಿಗೆ ಅಂಟುವುದಿಲ್ಲ, ಹೊಳೆಯುವುದರಿಂದ ಕಣ್ಣಿಗೆ ಚೆನ್ನಾಗಿ ಕಾಣಿಸುತ್ತದೆ. ಸೊನ್ನೆಗಿಂತ ೩೮ ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು, ೩೫೬ ಡಿಗ್ರಿಯವರೆಗೂ ಕುದಿಯದು. ಫ್ಯಾರನ್‌ಹೀಟನ ಮಾನದಲ್ಲಿ ಮಂಜುಗಡ್ಡೆ ಕರಗುವುದು ೩೨ಕ್ಕೆ, ನೀರು ಕುದಿಯುವುದು ೨೧೨ಕ್ಕೆ. ಈ ಅಂಕಿಗಳು ಲೆಕ್ಕಕ್ಕೆ ತೊಡಕಿನವು. ೧೭೪೨ರಲ್ಲಿ ಸ್ವೀಡನ್ನಿನ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ ಈ ಎರಡು ಬಿಂದುಗಳ ನಡುವಣ ಅಂತರವನ್ನು ನೂರು ಪಾಲು ಮಾಡಿದ. ಸ್ವಾರಸ್ಯವೆಂದರೆ, ಆತ ಕುದಿಯುವ ನೀರಿಗೆ ಸೊನ್ನೆಯನ್ನೂ ಮಂಜುಗಡ್ಡೆಗೆ ನೂರನ್ನೂ ಇಟ್ಟಿದ್ದ! ಆತನ ಕಾಲಾನಂತರವೇ ಆ ಮಾನ ತಲೆಕೆಳಗಾಗಿ ಇಂದಿನ ರೂಪಕ್ಕೆ ಬಂದಿತು.

ಉಷ್ಣತೆಗೆ ಮೇಲಿನ ಮಿತಿ ಕಾಣದಿದ್ದರೂ ಕೆಳಗಿನ ಮಿತಿಯೊಂದಿದೆ. ಸೆಲ್ಸಿಯಸ್ ಸೊನ್ನೆಗಿಂತ ೨೭೩.೧೫ ಡಿಗ್ರಿ ಕೆಳಗೆ ಹೋದರೆ ಅಣುಗಳಿಂದ ಕಸಿದುಕೊಳ್ಳಬಹುದಾದ ಶಾಖ ಇನ್ನು ಉಳಿದಿರುವುದಿಲ್ಲ. ಈ ನಿರಪೇಕ್ಷ ಶೂನ್ಯದಿಂದಲೇ ಎಣಿಕೆಯನ್ನು ಆರಂಭಿಸುವ ಮಾನವನ್ನು ೧೮೪೮ರಲ್ಲಿ ಸೂಚಿಸಿದವನು ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ಆತನ ಹೆಸರೇ ಅಂತರರಾಷ್ಟ್ರೀಯ ಮಾನಕ್ಕೆ ನಿಂತಿದೆ.

ಮನೆಮನೆಯ ಜ್ವರಮಾಪಕದ ಕಥೆಯೂ ರಂಜಕವೇ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ವೈದ್ಯರ ಉಷ್ಣಮಾಪಕ ಒಂದಡಿ ಉದ್ದವಿದ್ದು, ರೋಗಿ ಅದನ್ನು ಇಪ್ಪತ್ತು ನಿಮಿಷ ಹಿಡಿದುಕೊಳ್ಳಬೇಕಾಗಿತ್ತು. ೧೮೬೭ರ ಸುಮಾರಿಗೆ ಇಂಗ್ಲಿಷ್ ವೈದ್ಯ ಕ್ಲಿಫರ್ಡ್ ಆಲ್‌ಬಟ್ ಅದನ್ನು ಆರಂಗುಲಕ್ಕೆ ಇಳಿಸಿ ಐದು ನಿಮಿಷದಲ್ಲಿ ಜ್ವರ ತಿಳಿಯುವಂತೆ ಮಾಡಿದ. ಜ್ವರಮಾಪಕದ ಬುರುಡೆಯ ಮೇಲ್ಗಡೆ ಕೊಳವೆ ಒಂದೆಡೆ ಇರುಕಾಗಿರುತ್ತದೆ. ಹಿಗ್ಗಿ ಮೇಲೇರಿದ ಪಾದರಸದ ಎಳೆ ಅಲ್ಲಿ ತುಂಡಾಗಿ ನಿಲ್ಲುವುದರಿಂದ ಬಾಯಿಯಿಂದ ತೆಗೆದ ಮೇಲೂ ಅಂಕಿ ಇಳಿಯುವುದಿಲ್ಲ. ಕೊಡವಿದರೆ ಮಾತ್ರ ಇಳಿಯುತ್ತದೆ. ಪಾದರಸ ವಿಷವಸ್ತುವಾದುದರಿಂದ ಇಂಥ ಕೊಳವೆಗಳು ಈಗ ಮರೆಯಾಗುತ್ತಿವೆ. ಹಳೆಯದೊಂದು ಮನೆಯಲ್ಲಿದ್ದು ಒಡೆದರೆ ಮಕ್ಕಳನ್ನು ದೂರವಿರಿಸಿ, ಕಿಟಕಿ ತೆರೆದು, ಗುಂಡುಗಳನ್ನು ಗಟ್ಟಿ ಕಾಗದದಿಂದ ಒಟ್ಟುಗೂಡಿಸಬೇಕು. ಬರಿಗೈಯಿಂದ ಮುಟ್ಟಬಾರದು, ಕಸಬರಿಗೆಯಿಂದ ಗುಡಿಸಲೂಬಾರದು. ಈಗಿನ ಅಂಕಿ ತೋರುವ ಜ್ವರಮಾಪಕದಲ್ಲಿ ಉಷ್ಣತೆಗೆ ತಕ್ಕಂತೆ ವಿದ್ಯುತ್ತಿನ ರೋಧ ಬದಲಾಗುವ ಪುಟ್ಟ ಮಣಿಯೊಂದಿರುತ್ತದೆ. ೨೦೨೦ರ ಕೊರೋನಾ ಕಾಲದಲ್ಲಿ ಹಣೆಯ ಮುಂದೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಸಾಧನ ಮೈಯನ್ನು ಮುಟ್ಟುವುದೇ ಇಲ್ಲ. ಮೈಯಿಂದ ಹೊರಡುವ ಕಣ್ಣಿಗೆ ಕಾಣದ ಕಿರಣಗಳನ್ನೇ ಅದು ಅಳೆಯುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ವಿಜಯಪುರದ ಬೇಸಿಗೆಯ ಮಧ್ಯಾಹ್ನದ ೪೦ ಡಿಗ್ರಿ ಸೆಲ್ಸಿಯಸ್ ಎಂದರೆ ಫ್ಯಾರನ್‌ಹೀಟಿನಲ್ಲಿ ೧೦೪. ಗಾಳಿಗೆ ಅದು ಈ ಊರಿನ ವೈಶಾಖದ ನಿತ್ಯದ ಮಾತು. ಮನುಷ್ಯನ ಮೈಗೆ ೧೦೪ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಹೊರಗಿನ ೧೦೪ ಒಳಗಿನ ೧೦೪ ಆಗದಂತೆ ಕಾಯುವುದೇ ಬೇಸಿಗೆಯ ಬಾಳಿನ ಮುಖ್ಯ ಪ್ರಶ್ನೆ.

ನೆರಳಿನ ಅಳತೆ

ಆಕಾಶವಾಣಿಯಲ್ಲಿ, ಪತ್ರಿಕೆಗಳಲ್ಲಿ ಬರುವ ಉಷ್ಣತೆ ಬಿಸಿಲಿನದಲ್ಲ, ನೆರಳಿನದು. ಹವಾಮಾನ ಇಲಾಖೆಯವರು ಉಷ್ಣಮಾಪಕವನ್ನು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಬಿಳಿಯ ಬಣ್ಣ ಬಳಿದ, ಪಟ್ಟಿಪಟ್ಟಿಯ ಗೋಡೆಗಳ ಮರದ ಪೆಟ್ಟಿಗೆಯಲ್ಲಿಡುತ್ತಾರೆ. ಗಾಳಿ ಒಳಗೆ ಆಡಬೇಕು, ಬಿಸಿಲು ತಾಗಬಾರದು. ಈ ಪೆಟ್ಟಿಗೆಯನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಎಂಬ ಇಂಜಿನಿಯರು ಪ್ರಸಿದ್ಧ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ತಂದೆ. ಉಷ್ಣಮಾಪಕವನ್ನು ಬಿಸಿಲಿನಲ್ಲೇ ಇಟ್ಟರೆ ಅದು ಗಾಳಿಯ ಉಷ್ಣತೆಯನ್ನು ತೋರಿಸದೆ, ಸೂರ್ಯನಿಂದ ತಾನೆಷ್ಟು ಕಾಯ್ದೆನೆಂಬುದನ್ನು ತೋರಿಸುತ್ತದೆ. ನೆರಳಿನಲ್ಲಿ ೪೦ ಇದ್ದಾಗ ಡಾಂಬರಿನ ರಸ್ತೆ, ತಗಡಿನ ಚಾವಣಿ, ಕಪ್ಪು ಕಲ್ಲಿನ ಮೆಟ್ಟಿಲು ಇವು ೬೦ ಡಿಗ್ರಿಯನ್ನೂ ದಾಟಬಹುದು. ಬರಿಗಾಲಿನ ಮಗುವಿಗೆ ಬೇಕಾದ ಅಂಕಿ ಪತ್ರಿಕೆಯಲ್ಲಿಲ್ಲ.

ಬಯಲುಸೀಮೆಯಲ್ಲಿ ನೆರಳಿನ ಉಷ್ಣತೆ ಕನಿಷ್ಠ ೪೦ಕ್ಕೆ ಏರಿ, ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಾಗಿದ್ದರೆ ಅದನ್ನು ಭಾರತದ ಹವಾಮಾನ ಇಲಾಖೆ ಉಷ್ಣ ಅಲೆಯೆಂದು ಕರೆಯುತ್ತದೆ. ವಾಡಿಕೆ ಏನೇ ಇರಲಿ, ೪೫ ಮುಟ್ಟಿತೆಂದರೂ ಉಷ್ಣ ಅಲೆಯೇ.

ಶಾಖದ ಮೂರು ದಾರಿಗಳು

ಶಾಖ ಒಂದೆಡೆಯಿಂದ ಇನ್ನೊಂದೆಡೆಗೆ ಮೂರು ದಾರಿಗಳಲ್ಲಿ ಸಾಗುತ್ತದೆ. ಮೂರನ್ನೂ ನೋಡಲು ಜೋಳದ ರೊಟ್ಟಿ ಬೇಯುವ ಒಲೆಯೊಂದು ಸಾಕು. ಕಬ್ಬಿಣದ ಹಂಚಿನಿಂದ ರೊಟ್ಟಿಗೆ ಶಾಖ ಹತ್ತುವುದು ಮುಟ್ಟುವಿಕೆಯಿಂದ. ಹಂಚಿನ ಅಣು ತನ್ನ ನೆರೆಯ ಅಣುವನ್ನು ಕುಲುಕುತ್ತದೆ, ಅದು ಮುಂದಿನದನ್ನು. ಇದು ವಹನ. ಪಕ್ಕದ ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದರೆ ತಳದ ನೀರು ಕಾಯ್ದು ಹಗುರಾಗಿ ಮೇಲೇರುತ್ತದೆ. ಮೇಲಿನ ತಣ್ಣನೆಯ ನೀರು ಕೆಳಗಿಳಿಯುತ್ತದೆ. ವಸ್ತುವೇ ಶಾಖವನ್ನು ಹೊತ್ತು ನಡೆಯುವ ಇದು ಸಂವಹನ. ಒಲೆಯ ಮುಂದೆ ಕುಳಿತವರ ಮುಖ ಬೆಂಕಿಗೆ ತಾಗದಿದ್ದರೂ ಕಾವೇರುತ್ತದೆ. ನಡುವೆ ಕಾಗದ ಹಿಡಿದರೆ ಕೂಡಲೇ ಕಾವು ಕಡಿಮೆಯಾಗುತ್ತದೆ. ಇದು ವಿಕಿರಣ. ಹದಿನೈದು ಕೋಟಿ ಕಿಲೋಮೀಟರ್ ಬರಿದಾದ ಆಕಾಶವನ್ನು ಎಂಟು ನಿಮಿಷಗಳಲ್ಲಿ ದಾಟಿ ಸೂರ್ಯನ ಶಾಖ ನಮ್ಮನ್ನು ಮುಟ್ಟುವುದು ಈ ಮೂರನೆಯ ದಾರಿಯಿಂದಲೇ.

ಬಿಳಿಯ ಮೈ ವಿಕಿರಣವನ್ನು ಬಹುಪಾಲು ಹಿಂದಕ್ಕೆ ಅಟ್ಟುತ್ತದೆ, ಕಪ್ಪು ಮೈ ನುಂಗುತ್ತದೆ. ರೈತನ ಬಿಳಿಯ ರುಮಾಲಿನಲ್ಲಿ ಈ ತತ್ತ್ವದ ಜೊತೆಗೆ ಇನ್ನೊಂದೂ ಇದೆ. ಸುತ್ತಿನ ಮೇಲೆ ಸುತ್ತು ಹಾಕಿದ ಅರಿವೆಯ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಂತ ಗಾಳಿ ಶಾಖವನ್ನು ಬಲು ನಿಧಾನವಾಗಿ ಸಾಗಿಸುತ್ತದೆ. ಚಳಿಗಾಲದಲ್ಲಿ ಹೊದೆಯುವ ಕೌದಿಯ ಗುಣವೂ ಇದೇ. ಕೌದಿ ಶಾಖವನ್ನು ಹುಟ್ಟಿಸುವುದಿಲ್ಲ, ತಡೆಯುತ್ತದೆ. ಆದುದರಿಂದಲೇ ಮಂಜುಗಡ್ಡೆಯನ್ನು ಕೌದಿಯಲ್ಲಿ ಸುತ್ತಿಟ್ಟರೆ ಅದು ಬೇಗ ಕರಗುವ ಬದಲು ಹೆಚ್ಚು ಹೊತ್ತು ಉಳಿಯುತ್ತದೆ!

ದಪ್ಪ ಗೋಡೆ, ತೆಳು ಚಾವಣಿ

ವಿಜಯಪುರದ ಹಳೆಯ ಮನೆಗಳ ಗೋಡೆ ಒಂದೂವರೆ ಎರಡು ಅಡಿ ದಪ್ಪದ ಕಲ್ಲು ಮಣ್ಣಿನವು. ಮೇಲೆ ಮರದ ತೊಲೆ ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಅದರಲ್ಲಿ ಅಲ್ಲಲ್ಲಿ ಬೆಳಕಿಂಡಿ. ಕಲ್ಲಿನ ಮೇಲೆ ಬಿದ್ದ ಹಗಲಿನ ಶಾಖ ಒಳಕ್ಕೆ ಅಲೆಯಂತೆ ನಿಧಾನವಾಗಿ ಸಾಗುತ್ತದೆ. ಸ್ಥೂಲವಾದ ಲೆಕ್ಕ ಹೀಗಿದೆ: ಪ್ರತಿ ೧೫ ಸೆಂಟಿಮೀಟರ್ ಒಳಗೆ ಹೋದಂತೆ ಹಗಲು ರಾತ್ರಿಗಳ ಉಷ್ಣತೆಯ ಏರಿಳಿತ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಿನಷ್ಟಕ್ಕೆ ಇಳಿಯುತ್ತದೆ, ಮತ್ತು ಅಲೆ ಸುಮಾರು ನಾಲ್ಕು ತಾಸು ತಡವಾಗುತ್ತದೆ. ಹಾಗಾದರೆ ಒಂದೂವರೆ ಅಡಿಯ ಗೋಡೆಯಲ್ಲಿ ಏರಿಳಿತ ಇಪ್ಪತ್ತನೆಯ ಒಂದು ಪಾಲಿಗೆ ಇಳಿದು, ಮಧ್ಯಾಹ್ನದ ಕಾವು ಒಳಮುಖವನ್ನು ತಲುಪುವ ವೇಳೆಗೆ ನಡುರಾತ್ರಿ ಮೀರಿರುತ್ತದೆ. ಆಗ ಕಿಟಕಿ ತೆರೆದರೆ ತಂಗಾಳಿ ಅದನ್ನು ಹೊತ್ತೊಯ್ಯುತ್ತದೆ. ಹಗಲು ಕದ ಮುಚ್ಚಿ ರಾತ್ರಿ ತೆರೆಯುವ ರೂಢಿಯ ಅರ್ಥವೇ ಇದು. ಬಿಸಿಗಾಳಿ ಸಂವಹನದ ದಾರಿಯಿಂದ ನುಗ್ಗದಂತೆ ಹಗಲು ತಡೆಯುವುದು, ಗೋಡೆ ನುಂಗಿದ ಶಾಖವನ್ನು ರಾತ್ರಿ ಹೊರಹಾಕುವುದು. ಬೆಳಕಿಂಡಿಯಿಂದ ಒಳಗಿನ ಬಿಸಿಗಾಳಿ ತಾನಾಗಿಯೇ ಮೇಲೇರಿ ಹೊರಡುತ್ತದೆ.

ಗೋಲಗುಮ್ಮಟದ ಗೋಡೆಗಳ ದಪ್ಪ ಸುಮಾರು ಮೂರು ಮೀಟರ್. ಅಷ್ಟು ಕಲ್ಲಿನ ಒಳಗೆ ದಿನದ ಅಲೆ ಅರ್ಧ ದಾರಿಯನ್ನೂ ಕ್ರಮಿಸದೆ ಅಳಿಸಿಹೋಗುತ್ತದೆ. ವರ್ಷದ ಅಲೆ, ಎಂದರೆ ಬೇಸಿಗೆ ಚಳಿಗಾಲಗಳ ಏರಿಳಿತ, ಮಾತ್ರ ದಿನದ ಅಲೆಗಿಂತ ಹತ್ತೊಂಬತ್ತು ಪಟ್ಟು ಆಳಕ್ಕೆ ಇಳಿಯಬಲ್ಲದು. ನೆಲದ ಕಥೆಯೂ ಹೀಗೆಯೇ. ಕೆಲವೇ ಮೀಟರ್ ಆಳದಲ್ಲಿ ಮಣ್ಣಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಇನ್ನೂ ಆಳದಲ್ಲಿ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ವರ್ಷವಿಡೀ ಒಂದೇ ಸಮನಾದ ಉಷ್ಣತೆ. ನಮ್ಮ ರೈತರು ಜೋಳವನ್ನು ನೆಲದ ಹಗೇವಿನಲ್ಲಿ ತುಂಬಿಡುತ್ತಿದ್ದುದಕ್ಕೂ ಆಳವಾದ ಬಾವಿಯ ನೀರು ಬೇಸಿಗೆಯಲ್ಲಿ ತಂಪಾಗಿ, ಚಳಿಗಾಲದಲ್ಲಿ ಬೆಚ್ಚಗೆ ತೋರುವುದಕ್ಕೂ ಇದೇ ನಿಯಮ ಆಧಾರ. ೧೬೨೦ರ ತಾಜ್ ಬಾವಡಿಯ ಮೆಟ್ಟಿಲಿಳಿದವರಿಗೆ ತಂಪು ಎದುರಾಗುವುದರಲ್ಲಿ ಆಶ್ಚರ್ಯವಿಲ್ಲ. ಬೇಗಂ ತಲಾಬಿನ ನೀರನ್ನು ಮಣ್ಣಿನ ಕೊಳವೆಗಳಲ್ಲಿ ನೆಲದಡಿಯಿಂದ ನಗರಕ್ಕೆ ತಂದ ಆದಿಲ್ ಶಾಹಿ ಕಾಲದವರು ಅದನ್ನು ಬಿಸಿಲಿನಿಂದಲೂ ಉಳಿಸಿದ್ದರು.

ಈಗ ಹೊಸ ಮನೆಗಳತ್ತ ಬರೋಣ. ಐದಂಗುಲದ ಕಾಂಕ್ರೀಟಿನ ಚಾವಣಿಯಲ್ಲಿ ಶಾಖದ ಅಲೆ ಮೂರು ನಾಲ್ಕು ತಾಸಿನಲ್ಲೇ ದಾಟಿಬರುತ್ತದೆ, ಹೆಚ್ಚು ಕುಗ್ಗುವುದೂ ಇಲ್ಲ. ಅಂದರೆ ಒಂದು ಗಂಟೆಯ ಬಿಸಿಲು ಸಂಜೆಯ ಹೊತ್ತಿಗೆ ಒಳಮುಖಕ್ಕೆ ಬಂದು, ಮಲಗುವ ಹೊತ್ತಿನವರೆಗೂ ತಲೆಯ ಮೇಲೆ ಒಲೆಯಂತೆ ವಿಕಿರಣ ಸುರಿಸುತ್ತದೆ. ತಗಡಿನ ಚಾವಣಿಯಲ್ಲಿ ಅಷ್ಟು ತಡವೂ ಇಲ್ಲ, ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಒಳಗಿನವರಿಗೆ ಕಾವು ತಾಗುತ್ತದೆ. ಹಾಗೆಂದು ಎಲ್ಲರೂ ಮತ್ತೆ ಮಣ್ಣಿನ ಮಾಳಿಗೆ ಕಟ್ಟಬೇಕೆಂದಲ್ಲ. ಮಳೆ ಬಂದರೆ ಸೋರುವ, ವರ್ಷವರ್ಷವೂ ದುರಸ್ತಿ ಬೇಡುವ ಅದರ ಕಷ್ಟಗಳನ್ನು ಬಲ್ಲವರೇ ಬಲ್ಲರು. ಹೊಸ ಚಾವಣಿಗೇ ಹಳೆಯ ಗುಣವನ್ನು ಕೊಡಬಹುದು. ಎಲ್ಲಕ್ಕಿಂತ ಅಗ್ಗವಾದುದು ಸುಣ್ಣ. ಚಾವಣಿಯ ಮೇಲ್ಮೈಗೆ ಬೇಸಿಗೆಗೆ ಮುಂಚೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಒಳಗಿಳಿಯದೆ ಹಿಂದಿರುಗುತ್ತದೆ. ತಗಡಿನ ಕೆಳಗೆ ಒಂದಡಿ ಬಿಟ್ಟು ಬಿದಿರಿನ ತಟ್ಟಿ ಕಟ್ಟಿದರೂ ವಿಕಿರಣಕ್ಕೆ ತಡೆಯಾಗುತ್ತದೆ. ೨೦೧೦ರ ಭೀಕರ ಉಷ್ಣ ಅಲೆಯನ್ನು ಕಂಡ ಅಹಮದಾಬಾದ್ ನಗರ ೨೦೧೩ರಲ್ಲಿ ಬೇಸಿಗೆಯ ರಕ್ಷಣಾ ಯೋಜನೆಯೊಂದನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿಯ ಬಣ್ಣ ಬಳಿಯುವ ಕಾರ್ಯವೂ ಅದರಲ್ಲಿ ಸೇರಿತು. ತೆಲಂಗಾಣ ರಾಜ್ಯ ೨೦೨೩ರಲ್ಲಿ ತಂಪು ಚಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

ಗಡಿಗೆಯ ಗುಟ್ಟು

ಒಂದು ಲೀಟರ್ ನೀರನ್ನು ೨೭ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ೭೩ ಕಿಲೋಕ್ಯಾಲೊರಿ ಶಾಖ ಸಾಕು. ಆದರೆ ಕುದಿಯುವ ಆ ನೀರನ್ನು ಪೂರ್ತಿ ಆವಿಯಾಗಿಸಲು ಇನ್ನೂ ೫೪೦ ಬೇಕು! ಈ ಅವಧಿಯಲ್ಲಿ ಉಷ್ಣತೆ ಒಂದು ಡಿಗ್ರಿಯೂ ಏರುವುದಿಲ್ಲ. ಶಾಖವೆಲ್ಲ ಅಣುಗಳನ್ನು ಬಿಡಿಸುವುದರಲ್ಲಿ ಅಡಗಿಹೋಗುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ ೧೭೬೦ರ ದಶಕದ ಆದಿಯಲ್ಲಿ ಇದನ್ನು ಕಂಡುಕೊಂಡ. ನಮ್ಮವರು ಇದನ್ನು ಗುಪ್ತೋಷ್ಣವೆಂದು ಕರೆದಿದ್ದಾರೆ.

ಕುದಿಯದಿದ್ದರೂ ನೀರು ಆರುತ್ತಲೇ ಇರುತ್ತದೆ. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕಸಿಯುತ್ತದೆ. ಹತ್ತು ಲೀಟರ್ ಗಡಿಗೆಯಿಂದ ನೂರು ಗ್ರಾಂ ನೀರು ಆರಿದರೆ ೫೮ ಕಿಲೋಕ್ಯಾಲೊರಿ ಹೋಯಿತು. ಹೊರಗಿನಿಂದ ಶಾಖ ಬರದಿದ್ದರೆ ಉಳಿದ ನೀರು ಹೆಚ್ಚುಕಡಿಮೆ ಆರು ಡಿಗ್ರಿ ತಂಪಾಗಬೇಕು. ಆದುದರಿಂದ ಗಡಿಗೆ ನೆರಳಿನಲ್ಲಿರಬೇಕು, ಗಾಳಿಯಾಡಬೇಕು. ನೀರಿನ ಲವಣಗಳು ಕಾಲಕ್ರಮದಲ್ಲಿ ರಂಧ್ರಗಳನ್ನು ಮುಚ್ಚುವುದರಿಂದ ಹೊಸ ಗಡಿಗೆಗೆ ಹಳೆಯದಕ್ಕಿಂತ ತಂಪು ಹೆಚ್ಚು. ಮಾಳಿಗೆಗೆ ಚಿಮುಕಿಸಿದ ನೀರಿನದೂ ಇದೇ ಕೆಲಸ. ಅದರ ಮೇಲೆ ನಿರ್ಮಲವಾದ ಆಕಾಶಕ್ಕೆ ಮಾಳಿಗೆ ತನ್ನ ಶಾಖವನ್ನು ರಾತ್ರಿಯಿಡೀ ವಿಕಿರಣದಿಂದ ಬಿಟ್ಟುಕೊಡುತ್ತದೆ. ಬಯಲಿನಲ್ಲಿ ಹಾಸಿಗೆ ಹಾಸುವವರ ಸುಖ ಅಲ್ಲಿದೆ.

ಈ ಗುಟ್ಟು ಎಲ್ಲ ಊರಿನಲ್ಲಿಯೂ ಫಲಿಸದು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಎಷ್ಟಕ್ಕೆ ಇಳಿಯುತ್ತದೆಯೋ ಅದೇ ಆರುವಿಕೆಯಿಂದ ಸಿಗುವ ತಂಪಿನ ಎಲ್ಲೆ. ವಿಜಯಪುರದಲ್ಲಿ ಗಾಳಿಯ ಉಷ್ಣತೆ ೪೦, ಆರ್ದ್ರತೆ ನೂರಕ್ಕೆ ೨೦ ಇದ್ದರೆ ಒದ್ದೆ ಬಟ್ಟೆಯ ಅಂಕಿ ೨೩ರ ಆಸುಪಾಸು. ಮಂಗಳೂರಿನಲ್ಲಿ ಉಷ್ಣತೆ ೩೩ ಮಾತ್ರವಿದ್ದು, ಆರ್ದ್ರತೆ ೭೫ ಇದ್ದರೆ ಅದು ೨೯! ಹೀಗಾಗಿ ಗಡಿಗೆ, ಲಾವಂಚದ ತಟ್ಟಿ, ನೀರಿನ ಕೂಲರು ಇವೆಲ್ಲ ಬಯಲುಸೀಮೆಯ ಆಪ್ತರು, ಕರಾವಳಿಗೆ ಅಷ್ಟಾಗಿ ನೆರವಾಗಲಾರವು. ಕೂಲರು ಇಟ್ಟವರು ಕಿಟಕಿಯೊಂದನ್ನು ತೆರೆದಿಡಬೇಕು. ಇಲ್ಲವಾದರೆ ಕೋಣೆಯೇ ಕರಾವಳಿಯಾಗುತ್ತದೆ.

ಮೈಯೆಂಬ ಮನೆ

ಸುಮ್ಮನೆ ಕುಳಿತ ಮನುಷ್ಯನೂ ಹಳೆಯ ನೂರು ವಾಟಿನ ಬಲ್ಬಿನಷ್ಟು ಶಾಖವನ್ನು ಸದಾ ಹೊರಸೂಸುತ್ತಾನೆ. ಅದು ಹೊರಹೋಗದಿದ್ದರೆ ಮೈ ಕಾಯುತ್ತದೆ. ನಮ್ಮ ಚರ್ಮದ ಉಷ್ಣತೆ ಸುಮಾರು ೩೫. ಗಾಳಿ ಅದಕ್ಕಿಂತ ತಂಪಾಗಿದ್ದರೆ ಶಾಖ ಮೂರು ದಾರಿಗಳಲ್ಲಿಯೂ ಹೊರಡುತ್ತದೆ. ಗಾಳಿ ೪೦ ಆಯಿತೆಂದರೆ ಆ ಮೂರು ದಾರಿಗಳೂ ತಿರುಗಿಬಿದ್ದು ಶಾಖ ಒಳಕ್ಕೆ ಹರಿಯತೊಡಗುತ್ತದೆ. ಆಗ ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಆರಿದರೆ ೫೮೦ ಕಿಲೋಕ್ಯಾಲೊರಿ ಹೊರಹೋಗುತ್ತದೆ. ನಮ್ಮ ಮೈಯೂ ಒಂದು ಗಡಿಗೆಯೇ! ಆದರೆ ಗಡಿಗೆ ಬತ್ತಬಾರದು. ಒಣಗಾಳಿಯ ಊರಿನಲ್ಲಿ ಬೆವರು ಬಂದ ಕ್ಷಣವೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂಬುದು ಗೊತ್ತೇ ಆಗುವುದಿಲ್ಲ. ಬಿಸಿಲಿನಲ್ಲಿ ದುಡಿಯುವವನು ತಾಸಿಗೆ ಒಂದು ಲೀಟರಿನಷ್ಟನ್ನು ಕಳೆದುಕೊಳ್ಳಬಹುದು. ಬಾಯಾರಿಕೆಗೆ ಕಾಯದೆ ಆಗಾಗ ನೀರು, ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯಬೇಕೆಂಬ ಮಾತಿನ ಲೆಕ್ಕ ಇದು.

ಒದ್ದೆ ಬಟ್ಟೆಯ ಅಂಕಿಯೇ ೩೫ ಮುಟ್ಟಿದರೆ ಬೆವರಿಗೂ ದಾರಿ ಉಳಿಯದು. ಎಷ್ಟೇ ಗಟ್ಟಿಮುಟ್ಟಾದ ಮನುಷ್ಯನೂ ಹೆಚ್ಚು ತಾಸು ಬದುಕಲಾರ. ನಿಜವಾದ ಮಿತಿ ಇದಕ್ಕೂ ಕೆಳಗಿದೆಯೆಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಬೀಸಣಿಗೆಯೂ ಎಲ್ಲ ಕಾಲಕ್ಕೂ ಮಿತ್ರನಲ್ಲ. ಗಾಳಿ ೪೦ ಮೀರಿದಾಗ ಒಣ ಮೈಯ ಮೇಲೆ ಅದು ಬಿಸಿಯನ್ನೇ ಬೀಸುತ್ತದೆ. ಮೈಯನ್ನು ಒದ್ದೆ ಮಾಡಿಕೊಂಡಾಗ ಮಾತ್ರ ಉಪಕಾರಿ.

ಮುದುಕರಿಗೆ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕುಂದಿರುತ್ತವೆ. ಕೂಸುಗಳ ಪುಟ್ಟ ಮೈ ಬೇಗ ಕಾಯುತ್ತದೆ. ಬಿಸಿಲಿನಲ್ಲಿ ನಿಂತ ಮೋಟಾರಿನೊಳಗೆ ಮಗುವನ್ನು ಐದು ನಿಮಿಷವೂ ಬಿಡಬಾರದು. ಬಿಸಿಲಿನಿಂದ ಬಂದವರು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಮೈ ಕೆಂಡದಂತಾಗಿ ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಒಳಗಿನ ಉಷ್ಣತೆ ೪೦ ದಾಟಿರುತ್ತದೆ. ಒಂದೊಂದು ನಿಮಿಷವೂ ಬೆಲೆಯುಳ್ಳದ್ದು. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಗುಳಿಗೆ ಇಲ್ಲಿ ಪ್ರಯೋಜನಕ್ಕೆ ಬಾರದು. ಏಕೆಂದರೆ ಇದು ಮೈ ತಾನಾಗಿ ಏರಿಸಿಕೊಂಡ ಜ್ವರವಲ್ಲ, ಹೊರಹೋಗಲಾರದೆ ಒಳಗೇ ಸೇರಿಕೊಂಡ ಶಾಖ.

ಹೆಚ್ಚಿನಿಂದ ಕಡಿಮೆಗೆ ಹರಿಯುವುದು ಶಾಖದ ಸ್ವಭಾವ. ಅದನ್ನು ಯಾರೂ ಬದಲಿಸಲಾರರು. ಹರಿಯುವ ದಾರಿಯನ್ನು ಅರಿತು ಎಲ್ಲಿ ಕದ ಮುಚ್ಚಬೇಕು, ಎಲ್ಲಿ ತೆರೆಯಬೇಕು ಎಂದು ತಿಳಿದಿರುವುದಷ್ಟೇ ಮನುಷ್ಯನ ಕೈಯಲ್ಲಿರುವುದು. ಈ ಬೇಸಿಗೆ ಬರುವುದರೊಳಗೆ ಚಾವಣಿಗೆ ಒಂದು ಕೈ ಸುಣ್ಣ, ಪಡಸಾಲೆಗೆ ಒಂದು ಹೊಸ ಗಡಿಗೆ, ಓಣಿಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗೆ ಮಧ್ಯಾಹ್ನಕ್ಕೊಮ್ಮೆ ಒಂದು ಭೇಟಿ — ಈ ಮೂರನ್ನು ನೆನಪಿನಲ್ಲಿಟ್ಟರೆ ಬಿಸಿಲಿನ ಪಾಠವನ್ನು ಅರ್ಧಕ್ಕಿಂತ ಹೆಚ್ಚು ಕಲಿತಂತೆಯೇ.